ರಿಂಗಾದರೆ ಸಾಲದು: ಕಚೇರಿಯ ಇಂಟರ್ನೆಟ್ ಫೋನಿನ ಕರೆ ಯಾವ ದಾರಿ ಹಿಡಿಯಿತು ಅಂತ ನೋಡುವುದು ಹೇಗೆ?

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ತೀರ್ಥಹಳ್ಳಿಯ ಸಹಕಾರ ಸಂಘವೊಂದರ ಕಾರ್ಯದರ್ಶಿ ತಮ್ಮ ಸ್ವಂತ ಮೊಬೈಲಿನಿಂದ ಫೋನು ಮಾಡಿದರು. ಕಚೇರಿಯ ಫೋನುಗಳಿಂದ ಒಂದು ಕರೆಯೂ ಹೊರಗೆ ಹೋಗುತ್ತಿರಲಿಲ್ಲ. ರಾತ್ರಿ ಗಾಳಿಗೆ ಮಂಡಗದ್ದೆ ಕಡೆ ಮರ ಬಿದ್ದು ಫೈಬರ್ ತುಂಡಾಗಿತ್ತು. ಮಲೆನಾಡಿನಲ್ಲಿ ಇದೇನು ಹೊಸದಲ್ಲ. ಇಂಥ ದಿನಕ್ಕೆ ಅಂತಲೇ ಅವರು ಇನ್ನೊಂದು ಕಂಪನಿಯಿಂದ ಟವರ್ ಮೂಲಕ ಬರುವ ಎರಡನೇ ಲೈನು ಹಾಕಿಸಿದ್ದರು, ತಿಂಗಳು ತಿಂಗಳು ಅದಕ್ಕೂ ಬಿಲ್ಲು ಕಟ್ಟುತ್ತಿದ್ದರು. ಆ ಲೈನಿನಲ್ಲಿ ಇಂಟರ್ನೆಟ್ ಸರಾಗವಾಗಿ ಓಡುತ್ತಿತ್ತು. ಫೋನು ಮಾತ್ರ ಇಲ್ಲ.

“ಹಾಕಿಸಿದ ದಿನ ಟೆಸ್ಟ್ ಮಾಡಿದ್ವಲ್ಲ ಸಾರ್, ರಿಂಗ್ ಆಗಿತ್ತು” ಅಂದರು.

ರಿಂಗ್ ಆಗಿದ್ದು ನಿಜ. ಯಾವ ಲೈನಿನಲ್ಲಿ ಹೋಗಿ ರಿಂಗ್ ಆಯಿತು ಅಂತ ಮಾತ್ರ ಯಾರೂ ನೋಡಿರಲಿಲ್ಲ.

ಅಡಿಕೆ ಮಂಡಿ, ನರ್ಸಿಂಗ್ ಹೋಮ್, ಕಾಲೇಜು, ಹೋಮ್‌ಸ್ಟೇ ಹೀಗೆ ಒಂದೊಂದೇ ಕಡೆ ತಾಮ್ರದ ತಂತಿಯ ಲ್ಯಾಂಡ್‌ಲೈನ್ ಹೋಗಿ ಫೈಬರ್ ಮೇಲಿನ ಫೋನು ಬರುತ್ತಿದೆ. ಜೊತೆಗೆ ಗೋಡೆಯ ಕಪಾಟಿನಲ್ಲಿ ಒಂದು ಪೆಟ್ಟಿಗೆಯೂ ಬಂದು ಕೂರುತ್ತದೆ. ಕರೆ ಎತ್ತ ಹೋಗಬೇಕು ಅಂತ ತೀರ್ಮಾನಿಸುವುದು ಆ ಪೆಟ್ಟಿಗೆ. ಅದು ಸರಿಯಾಗಿ ತೀರ್ಮಾನಿಸುತ್ತಿದೆಯೇ ಅಂತ ನೋಡುವ ಬಗೆಯನ್ನು ಮೊದಲಿನಿಂದ ಹೇಳುತ್ತೇನೆ.

ಎಕ್ಸ್‌ಚೇಂಜಿನ ಕೆಲಸ ನಿಮ್ಮ ಕಪಾಟಿಗೆ ಬಂದದ್ದು

ಕರೆಗೆ ದಾರಿ ತೋರಿಸುವುದಕ್ಕೆ ಇಂಗ್ಲಿಷಿನಿಂದ ಬಂದ ಮಾತು ರೂಟಿಂಗ್. ಒಂದು ಕಾಲದಲ್ಲಿ ಇದನ್ನು ಮನುಷ್ಯರೇ ಮಾಡುತ್ತಿದ್ದರು. ಆಪರೇಟರ್ ಕೇಳಿಕೊಂಡು ತಂತಿ ಚುಚ್ಚುತ್ತಿದ್ದರು. ಅಮೆರಿಕದಲ್ಲಿ ಆಲ್ಮನ್ ಸ್ಟ್ರೌಜರ್ ಅಂತ ಒಬ್ಬ ಇದ್ದ, ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವುದು ಅವನ ಕಸುಬು. ತನಗೆ ಬರಬೇಕಾದ ಕರೆಗಳನ್ನು ಆಪರೇಟರ್ ಎದುರಾಳಿಯ ಅಂಗಡಿಗೆ ತಿರುಗಿಸುತ್ತಿದ್ದಾರೆ ಅನ್ನುವ ಅನುಮಾನದಿಂದಲೇ ಅವನು ತಾನಾಗಿ ಕೆಲಸ ಮಾಡುವ ಎಕ್ಸ್‌ಚೇಂಜ್ ಕಂಡುಹಿಡಿದ ಅಂತ ಕತೆ. ಪೇಟೆಂಟ್ ಸಿಕ್ಕಿದ್ದು 1891ರಲ್ಲಿ. ಕರೆ ದಾರಿ ತಪ್ಪಿದ ದೂರು ಅಷ್ಟು ಹಳೆಯದು.

ನಮ್ಮ ಹಳ್ಳಿಗಳಿಗೆ ಅಂಥ ಯಂತ್ರ ಹೆಚ್ಚಾಗಿ ಬಂದದ್ದು ಸಿ-ಡಾಟ್ ಸಂಸ್ಥೆಯ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜಿನ ಮೂಲಕ. ಅದರಲ್ಲಿ ಮೊದಲನೆಯದು 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಶುರುವಾಯಿತು. ಆಗೆಲ್ಲ ಮನೆಯಿಂದ ಎಕ್ಸ್‌ಚೇಂಜಿಗೆ ಒಂದು ಜೊತೆ ತಂತಿ. ಅದರಾಚೆಯದೆಲ್ಲ ಇಲಾಖೆಯ ತಲೆನೋವು. ಈಗ ಆ ತಲೆನೋವಿನ ಒಂದು ಪಾಲು ನಿಮ್ಮ ಕಚೇರಿಯೊಳಗೇ ಇದೆ.

ನಾಲ್ಕು ಮಾತು ಗೊತ್ತಿದ್ದರೆ ಮುಂದಿನದು ಸುಲಭ. ಮೇಜಿನ ಮೇಲಿನ ಫೋನುಗಳನ್ನೆಲ್ಲ ಒಟ್ಟುಗೂಡಿಸಿ ಎಕ್ಸ್‌ಟೆನ್ಶನ್ ನಂಬರ್ ಕೊಡುವುದು ಇಪಿಎಬಿಎಕ್ಸ್. ಇಂಟರ್ನೆಟ್ ಕರೆಗಳನ್ನು ಹೊರಗಿನ ಕಂಪನಿಗೆ ಮುಟ್ಟಿಸುವ ಲೈನು ಟ್ರಂಕ್. “ಇಂಥವರು ಇಂಥವರನ್ನು ಕರೆಯುತ್ತಿದ್ದಾರೆ, ಎತ್ತುತ್ತೀರಾ?” ಅಂತ ಪೆಟ್ಟಿಗೆಗಳು ಮಾತಾಡಿಕೊಳ್ಳುವ ಭಾಷೆ ಸಿಪ್. ಇವತ್ತು ಬಳಕೆಯಲ್ಲಿರುವ ಅದರ ವ್ಯಾಕರಣ 2002ರ ಆರ್‌ಎಫ್‌ಸಿ 3261 ಅನ್ನುವ ದಾಖಲೆಯಲ್ಲಿದೆ. ನಾಲ್ಕನೆಯದೇ ಆ ಪೆಟ್ಟಿಗೆ, ಸೆಷನ್ ಬಾರ್ಡರ್ ಕಂಟ್ರೋಲರ್. ಎಲ್ಲರೂ ಎಸ್‌ಬಿಸಿ ಅನ್ನುತ್ತಾರೆ.

ಜಗಲಿಯ ಮೇಲೆ ಕೂತವನು

ಎಸ್‌ಬಿಸಿ ಏನು ಮಾಡುತ್ತದೆ ಅಂತ ಕೇಳಿದವರಿಗೆ ನಾನು ನಮ್ಮ ಕಡೆಯ ಮನೆಯ ಜಗಲಿ ನೆನಪಿಸುತ್ತೇನೆ. ಅಡಿಕೆ ವ್ಯಾಪಾರಿ ಬಂದರೆ ಜಗಲಿಯಲ್ಲೇ ಕೂರುತ್ತಾನೆ. ನೀರು, ಬೆಲ್ಲ, ಕವಳ ಎಲ್ಲ ಅಲ್ಲಿಗೇ ಬರುತ್ತದೆ. ಒಳಗೆ ಎಷ್ಟು ಕೋಣೆ, ಅಡಿಕೆ ಚೀಲ ಎಲ್ಲಿ ಒಟ್ಟಿದ್ದಾರೆ, ಅವನಿಗೆ ಕಾಣಿಸುವುದಿಲ್ಲ. ಅವನ ಮಾತನ್ನು ಮನೆಯ ಒಬ್ಬರು ಒಳಗೆ ಒಯ್ದು, ಒಳಗಿನ ಉತ್ತರವನ್ನು ತಮ್ಮದೇ ಮಾತಿನಲ್ಲಿ ಹೊರಗೆ ತರುತ್ತಾರೆ.

ಎಸ್‌ಬಿಸಿ ಮಾಡುವುದೂ ಇಷ್ಟೇ. ಹೊರಗಿನ ಕಂಪನಿ ನಿಮ್ಮ ಇಪಿಎಬಿಎಕ್ಸ್ ಜೊತೆ ನೇರ ಮಾತಾಡುವುದಿಲ್ಲ. ಹೊರಗಿನಿಂದ ಜಗಲಿಗೆ ಒಂದು ಕರೆ, ಜಗಲಿಯಿಂದ ಒಳಗೆ ಇನ್ನೊಂದು ಕರೆ. ನಿಮಗೆ ಒಂದೇ ಸಂಭಾಷಣೆ, ಪೆಟ್ಟಿಗೆಯ ಲೆಕ್ಕದಲ್ಲಿ ಎರಡು. ಪರೀಕ್ಷೆ ಮಾಡುವಾಗ ಇದನ್ನು ಮರೆಯಬಾರದು. ಒಳಗಿನ ತುಂಡನ್ನಷ್ಟೇ ನೋಡಿ “ಸರಿ ಇದೆ” ಅಂದರೆ ಅರ್ಧ ದಾರಿ ಮಾತ್ರ ನೋಡಿದಂತೆ. ಎರಡು ತುಂಡಿನ ಗುರುತುಸಂಖ್ಯೆಯೂ ಸಾಮಾನ್ಯವಾಗಿ ಬೇರೆ ಬೇರೆ ಇರುವುದರಿಂದ ಸಮಯ ಮತ್ತು ನಂಬರ್ ಹೊಂದಿಸಿ ಜೋಡಿ ಹುಡುಕಬೇಕಾಗುತ್ತದೆ.

ಶ್ರೀಲಂಕಾಕ್ಕೆ ಹೊರಟ ಮೊಬೈಲ್ ನಂಬರ್

ದಾರಿ ತೀರ್ಮಾನ ಆಗುವುದು ನಂಬರಿನ ಮುಂದಿನ ಅಂಕಿಗಳಿಂದ. ತೀರ್ಥಹಳ್ಳಿಯ ಕೋಡ್ 08181, ಶಿವಮೊಗ್ಗದ್ದು 08182, ಸಾಗರದ್ದು 08183. ಕಂಪನಿಗಳು ಹೆಚ್ಚಾಗಿ ಕೇಳುವುದು ಪೂರ್ತಿ ಅಂತರರಾಷ್ಟ್ರೀಯ ರೂಪ. ಅಂದರೆ ಸೊನ್ನೆ ತೆಗೆದು ಮುಂದೆ +91. ಹಾಗಾಗಿ ಎಸ್‌ಬಿಸಿಯ ಮೊದಲ ಕೆಲಸ ನಾವು ಒತ್ತಿದ ನಂಬರನ್ನು ತಿದ್ದುವುದು, ಆಮೇಲೆ ದಾರಿ ಹುಡುಕುವುದು. ತಪ್ಪುಗಳು ಹೆಚ್ಚಾಗಿ ಹುಟ್ಟುವುದು ಈ ತಿದ್ದುವಿಕೆಯಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ, ಇದು ನನಗೆ ಬಹಳ ಇಷ್ಟ. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಒತ್ತಬೇಕು ಅನ್ನುವ ನಿಯಮ 2021ರ ಜನವರಿ 15ರಿಂದ ಬಂತು. ಎಷ್ಟೋ ಕಚೇರಿಗಳಲ್ಲಿ ಹೊರಗಿನ ಲೈನು ಹಿಡಿಯುವುದಕ್ಕೇ ಒಂದು ಸೊನ್ನೆ ಒತ್ತುವ ರೂಢಿ ಮೊದಲೇ ಇತ್ತು. ಎರಡೂ ಸೇರಿ 00 ಆಯಿತು. ಮೊದಲ ಸೊನ್ನೆಯನ್ನು ಇಪಿಎಬಿಎಕ್ಸ್ ಕಳಚಿಕೊಂಡರೆ ತೊಂದರೆ ಇಲ್ಲ. ಕಳಚದೆ ಹಾಗೇ ಮುಂದೆ ಕಳಿಸಿದರೆ? 00 ಅಂದರೆ ಹೊರದೇಶದ ಕರೆ. ನಮ್ಮ ಕಡೆ ಬೇಕಾದಷ್ಟಿರುವ 9448, 9449ರ ನಂಬರ್ ಅದರ ಹಿಂದೆ ಬಂದರೆ ಪೆಟ್ಟಿಗೆಗೆ ಕಾಣುವುದು 0094. ಅದು ಶ್ರೀಲಂಕಾದ ಕೋಡ್. ಪಕ್ಕದ ಕೋಣಂದೂರಿನಲ್ಲಿರುವವರಿಗೆ ಮಾಡಿದ ಕರೆ ಕೊಲಂಬೊ ದಾರಿ ಹಿಡಿಯುತ್ತದೆ. ಐಎಸ್‌ಡಿ ಮುಚ್ಚಿದ್ದರೆ ಪುಣ್ಯ, ಅಲ್ಲಿಗೇ ನಿಲ್ಲುತ್ತದೆ.

ಇನ್ನೊಂದು ಇದರ ಅಣ್ಣತಮ್ಮ. “91ರಿಂದ ಶುರುವಾದರೆ ಆ 91 ಕಿತ್ತುಹಾಕು” ಅಂತ ನಿಯಮ ಬರೆದಿರುತ್ತಾರೆ. ಹತ್ತಂಕಿಯ ಮೊಬೈಲ್ ನಂಬರ್ ಕೂಡ 91ರಿಂದ ಶುರುವಾಗಬಹುದು ಅನ್ನುವುದು ಬರೆದವರಿಗೆ ಹೊಳೆದಿರುವುದಿಲ್ಲ. ಅಂಥ ನಂಬರಿಗೆ ಎರಡಂಕಿ ಕತ್ತರಿಸಿಹೋಗಿ ಎಂಟೇ ಉಳಿಯುತ್ತದೆ. ನೂರು ಗ್ರಾಹಕರಲ್ಲಿ ಒಬ್ಬಿಬ್ಬರಿಗೆ ಮಾತ್ರ ಕರೆ ಹೋಗದಿದ್ದರೆ ಎಲ್ಲರೂ ಬಯ್ಯುವುದು ಅವರ ಮೊಬೈಲನ್ನು.

ಸರಿಯಾಗಿ ತಿದ್ದಿದ ನಂಬರನ್ನು ಪೆಟ್ಟಿಗೆ ತನ್ನ ದಾರಿಪಟ್ಟಿಯ ಜೊತೆ ಹೋಲಿಸುತ್ತದೆ. ಪಟ್ಟಿಯಲ್ಲಿ +918 ಅಂತ ಒಂದು ಸಾಲು, +918182 ಅಂತ ಇನ್ನೊಂದು ಸಾಲು ಇದೆ ಅನ್ನಿ. ಶಿವಮೊಗ್ಗದ ಲ್ಯಾಂಡ್‌ಲೈನ್ ನಂಬರ್ ಎರಡಕ್ಕೂ ಹೊಂದುತ್ತದೆ. ಇಂಥಲ್ಲಿ ಸಾಮಾನ್ಯವಾಗಿ ಹೆಚ್ಚು ಅಂಕಿ ಹೊಂದಿದ ಸಾಲೇ ಗೆಲ್ಲುತ್ತದೆ. ಅಂಚೆಯವರು ಬರೀ “ತೀರ್ಥಹಳ್ಳಿ ತಾಲೂಕು” ಅಂತ ಇದ್ದರೆ ಒಂದು ಚೀಲಕ್ಕೆ, “ಕೋಣಂದೂರು” ಅಂತಲೂ ಇದ್ದರೆ ಕೋಣಂದೂರಿನ ಚೀಲಕ್ಕೆ ಹಾಕಿದ ಹಾಗೆ. ಆದರೆ ಎಲ್ಲ ತಯಾರಕರ ಪೆಟ್ಟಿಗೆಯೂ ಹೀಗಲ್ಲ. ಕೆಲವು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿ ಮೊದಲು ಹೊಂದಿದ ಸಾಲಿಗೇ ನಿಲ್ಲುತ್ತವೆ. ಅಂಥದರಲ್ಲಿ +918 ಮೇಲಿದ್ದು “8ರಿಂದ ಶುರುವಾದದ್ದೆಲ್ಲ ಮೊಬೈಲ್” ಅಂತ ಬರೆದಿದ್ದರೆ ಶಿವಮೊಗ್ಗದ ಅಷ್ಟೂ ಲ್ಯಾಂಡ್‌ಲೈನು ಮೊಬೈಲ್ ದಾರಿಗೆ ಹೋಗುತ್ತವೆ. ನಿಮ್ಮ ಪೆಟ್ಟಿಗೆ ಯಾವ ಬಗೆಯದು ಅಂತ ಹಾಕಿಕೊಟ್ಟವರನ್ನು ಕೇಳಿ.

ಕರೆ ಮಾಡದೆಯೇ ಕೇಳುವುದು

ಪರೀಕ್ಷೆಯ ಮೊದಲ ಹೆಜ್ಜೆಗೆ ಫೋನು ಮುಟ್ಟಬೇಕಾಗಿಲ್ಲ. “ಈ ನಂಬರ್ ಬಂದರೆ ಎಲ್ಲಿಗೆ ಕಳಿಸುತ್ತೀಯ?” ಅಂತ ಪೆಟ್ಟಿಗೆಯನ್ನೇ ಕೇಳಬಹುದು. ಸಿಸ್ಕೊ ಕಂಪನಿಯ ಪೆಟ್ಟಿಗೆಯಲ್ಲಿ “ಶೋ ಡಯಲ್‌ಪ್ಲಾನ್ ನಂಬರ್” ಅಂತ ಬರೆದು ಮುಂದೆ ನಂಬರ್ ಕೊಟ್ಟರೆ ಯಾವ ಸಾಲು ಹೊಂದಿತು ಅಂತ ಹೇಳುತ್ತದೆ. ಒರಾಕಲ್ ಪೆಟ್ಟಿಗೆಯಲ್ಲಿ “ಟೆಸ್ಟ್-ಪಾಲಿಸಿ” ಇದೇ ಕೆಲಸಕ್ಕೆ ಇದೆ. ಬಸ್ ಹತ್ತುವ ಮುಂಚೆ ಬೋರ್ಡು ಓದಿದ ಹಾಗೆ ಇದು. ಬೋರ್ಡು ಸರಿ ಇದ್ದರೆ ಬಸ್ ಊರು ಮುಟ್ಟಿತು ಅಂತಲ್ಲ, ಆದರೆ ತಪ್ಪು ಬಸ್ ಹತ್ತುವುದು ತಪ್ಪುತ್ತದೆ.

ಕೇಳುವಾಗ ಸುಲಭದ ನಂಬರ್ ಒಂದನ್ನೇ ಕೊಡಬೇಡಿ. ಊರಿನೊಳಗಿನ ಆರಂಕಿ, ಶಿವಮೊಗ್ಗದ ಲ್ಯಾಂಡ್‌ಲೈನ್, ಸೊನ್ನೆ ಸೇರಿದ ಮೊಬೈಲ್, 91ರಿಂದ ಶುರುವಾಗುವ ಮೊಬೈಲ್, 1800ರ ಟೋಲ್‌ಫ್ರೀ, ಹೊರದೇಶದ್ದೊಂದು, ಯಾವ ಸಾಲಿಗೂ ಹೊಂದದ ಅರೆಬರೆ ನಂಬರೊಂದು, ಇಷ್ಟಾದರೂ ಬೇಕು. ಹೋಗಬಾರದ ಕರೆ ಹೋಗುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದೂ ಪರೀಕ್ಷೆಯೇ. ಬಾಗಿಲು ತೆರೆದಿರುವ ಪೆಟ್ಟಿಗೆಯನ್ನು ಹುಡುಕಿ, ರಾತ್ರಿ ಅಥವಾ ರಜೆಯ ದಿನ ಯಾರೂ ಇಲ್ಲದಾಗ ದುಬಾರಿ ವಿದೇಶಿ ನಂಬರುಗಳಿಗೆ ಕರೆ ಹರಿಸುವ ವಂಚಕರಿದ್ದಾರೆ. ಗೊತ್ತಾಗುವುದು ಬಿಲ್ಲು ಬಂದಾಗ.

ಕರೆಯ ಹೆಜ್ಜೆಗುರುತು

ಎರಡನೇ ಹೆಜ್ಜೆ ನಿಜವಾದ ಕರೆ ಮಾಡಿ ಅದರ ಜಾಡು ಹಿಡಿಯುವುದು. ಪೆಟ್ಟಿಗೆಯ ಲಾಗ್‌ನಲ್ಲೋ, ವೈರ್‌ಶಾರ್ಕ್‌ನಂಥ ತಂತ್ರಾಂಶದಲ್ಲೋ ಒಂದು ಕರೆಯ ಪೂರ್ತಿ ಸಂಭಾಷಣೆಯನ್ನು ಏಣಿಯ ಮೆಟ್ಟಿಲಿನಂತೆ ನೋಡಬಹುದು. ಮೊದಲು “ಇನ್ವೈಟ್” ಅನ್ನುವ ಕರೆಯೋಲೆ ಹೋಗುತ್ತದೆ. ಆ ಕಡೆಯಿಂದ ಮೂರಂಕಿಯ ಉತ್ತರಗಳು ಬರುತ್ತವೆ. 100 ಅಂದರೆ ಬಂದು ಮುಟ್ಟಿತು, ನೋಡುತ್ತಿದ್ದೇನೆ. 180 ಅಂದರೆ ಅಲ್ಲಿ ಗಂಟೆ ಬಾರಿಸುತ್ತಿದೆ. 200 ಅಂದರೆ ಎತ್ತಿದರು. 404 ಅಂದರೆ ಇಂಥ ನಂಬರ್ ಇಲ್ಲ. 484 ಅಂದರೆ ಅಂಕಿ ಸಾಲದು. ಮೇಲೆ ಹೇಳಿದ ಎಂಟಂಕಿಯ ನಂಬರಿಗೆ ಬರುವ ಉತ್ತರ ಈ ಎರಡರಲ್ಲಿ ಒಂದಾಗಿರುವುದು ಹೆಚ್ಚು. 486 ಅಂದರೆ ಅವರು ಬೇರೆ ಮಾತಿನಲ್ಲಿದ್ದಾರೆ. 503 ಅಂದರೆ ಈ ದಾರಿಯಲ್ಲಿ ಈಗ ಸೇವೆ ಇಲ್ಲ.

ಜಾಡಿನಲ್ಲಿ ಮೊದಲು ನೋಡಬೇಕಾದ್ದು ಉತ್ತರವನ್ನಲ್ಲ, ಹೊರಗಿನ ತುಂಡಿನ ಇನ್ವೈಟ್ ಯಾವ ವಿಳಾಸಕ್ಕೆ ಹೋಯಿತು ಅನ್ನುವುದನ್ನು. ಮೊದಲ ಕಂಪನಿಯದೋ ಎರಡನೆಯದೋ? ಆಮೇಲೆ ಅದರೊಳಗಿನ ನಂಬರ್ ಯಾವ ರೂಪದಲ್ಲಿದೆ. ಆಮೇಲೆ ಕರೆದವರ ನಂಬರ್ ಅಂತ ಏನು ತೋರಿಸಿದೆ. ಈ ಮೂರು ಕಂಡ ಮೇಲೆ 200 ಬಂದಿದ್ದರೆ ಆಗ ಆ ಕರೆಯ ದಾರಿ ಸರಿ.

ಆಗುಂಬೆ ಮುಚ್ಚಿದರೆ ಹುಲಿಕಲ್

ತೀರ್ಥಹಳ್ಳಿಯಿಂದ ಕರಾವಳಿಗೆ ಇಳಿಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾಮೂಲು ದಾರಿ ಆಗುಂಬೆ ಘಾಟಿ, ಹದಿನಾಲ್ಕು ತಿರುವು ಇಳಿದರೆ ಸೋಮೇಶ್ವರ. ಮಳೆಗೆ ಗುಡ್ಡ ಜರಿದರೆ ಹುಲಿಕಲ್, ಅಂದರೆ ಬಾಳೆಬರೆ ಘಾಟಿ. ಎಸ್‌ಬಿಸಿಯಲ್ಲೂ ಒಂದೊಂದು ಸಾಲಿಗೆ ಮೊದಲ ದಾರಿ, ಎರಡನೇ ದಾರಿ ಅಂತ ಬರೆದಿರುತ್ತಾರೆ. ಮೊದಲನೆಯದು ಮುಚ್ಚಿದೆ ಅಂತ ಪೆಟ್ಟಿಗೆಗೆ ಗೊತ್ತಾಗುವುದು ಹೇಗೆ ಅನ್ನುವುದೇ ಪ್ರಶ್ನೆ.

ಒಂದು ಬಗೆ, ಘಾಟಿಯ ಬಾಯಿಯವರೆಗೆ ಹೋಗಿ ನೋಡುವುದು. ಕರೆಯೋಲೆ ಕಳಿಸಿ ಉತ್ತರ ಬಾರದಿದ್ದರೆ ಅರ್ಧ ಸೆಕೆಂಡಿಗೆ ಇನ್ನೊಂದು, ಅದಾದ ಒಂದು ಸೆಕೆಂಡಿಗೆ ಮತ್ತೊಂದು, ಆಮೇಲೆ ಎರಡು, ನಾಲ್ಕು ಹೀಗೆ ಅಂತರ ಇಮ್ಮಡಿ ಮಾಡುತ್ತಾ ಕಳಿಸುತ್ತದೆ. ಮೂಲ ನಿಯಮದ ಪ್ರಕಾರ ಪೂರ್ತಿ ಕೈಬಿಡುವುದು 32 ಸೆಕೆಂಡಿಗೆ. ಆಮೇಲೆ ಎರಡನೇ ದಾರಿ. ಕಿವಿಗೆ ಫೋನು ಹಿಡಿದು ಅರ್ಧ ನಿಮಿಷ ಸದ್ದಿಲ್ಲದೆ ಕಾಯುವವರು ಯಾರಿದ್ದಾರೆ? ಎರಡನೇ ದಾರಿ ಹಿಡಿಯುವ ಹೊತ್ತಿಗೆ ಫೋನು ಇಟ್ಟಾಗಿರುತ್ತದೆ. ಅದಕ್ಕೇ ಈ ಕಾಯುವ ಅವಧಿಯನ್ನು ಕೆಲವೇ ಸೆಕೆಂಡಿಗೆ ಇಳಿಸುತ್ತಾರೆ.

ಇನ್ನೊಂದು ಬಗೆ, ಘಾಟಿಯ ತಲೆಯಲ್ಲಿರುವವರಿಗೆ ಆಗಾಗ ಫೋನು ಮಾಡಿ “ದಾರಿ ಹೇಗಿದೆ?” ಅಂತ ಕೇಳುತ್ತಿರುವುದು. “ಆಪ್ಶನ್ಸ್” ಅನ್ನುವ ಚಿಕ್ಕ ಸಂದೇಶವನ್ನು ಪೆಟ್ಟಿಗೆ ಆಗಾಗ್ಗೆ ಕಳಿಸುತ್ತದೆ, ಕೆಲವು ಕಡೆ ಅರ್ಧ ನಿಮಿಷಕ್ಕೊಮ್ಮೆ, ಕೆಲವು ಕಡೆ ನಿಮಿಷಕ್ಕೊಮ್ಮೆ. ಉತ್ತರ ಬಂದರೆ ಆ ಟ್ರಂಕಿಗೆ ಹಸಿರು, ಬಾರದಿದ್ದರೆ ಕೆಂಪು. ಕೆಂಪಾದ ದಾರಿಗೆ ಕರೆ ಕಳಿಸುವುದೇ ಇಲ್ಲ.

ಸಂಘದಲ್ಲಿ ಆದದ್ದು ಇಲ್ಲೇ. ಪರದೆಯಲ್ಲಿ ಫೈಬರ್ ಟ್ರಂಕ್ ಕೆಂಪು, ಎರಡನೆಯದು ಹಸಿರು. ಕರೆಯೂ ತಕ್ಷಣ ಎರಡನೆಯದಕ್ಕೇ ಹೋಗುತ್ತಿತ್ತು. ಪಟ್ಟಿಯಲ್ಲಿ ತಪ್ಪಿಲ್ಲ, ನಂಬರಿನ ರೂಪದಲ್ಲೂ ತಪ್ಪಿಲ್ಲ. ಆದರೆ ಜಾಡಿನಲ್ಲಿ ಪ್ರತಿ ಕರೆಗೂ 403 ಬರುತ್ತಿತ್ತು, ಅಂದರೆ “ಗೊತ್ತಾಯಿತು, ಬಿಡುವುದಿಲ್ಲ”. ಕಾರಣ ಕರೆದವರ ನಂಬರಿನಲ್ಲಿತ್ತು. ಪೆಟ್ಟಿಗೆ ಅಲ್ಲೂ ಸಂಘದ ಹಳೆಯ 08181ರ ನಂಬರನ್ನೇ ತೋರಿಸುತ್ತಿತ್ತು. ಅದು ಮೊದಲ ಕಂಪನಿ ಕೊಟ್ಟ ನಂಬರ್. ಎರಡನೇ ಕಂಪನಿಯವರು ತಮ್ಮದಲ್ಲದ ನಂಬರ್ ಹೊತ್ತು ಬಂದ ಕರೆಯನ್ನು ಗೇಟಿನಲ್ಲೇ ತಡೆಯುತ್ತಿದ್ದರು. ಬೇರೆ ಜಿಲ್ಲೆಯ ಪರ್ಮಿಟ್ ತೋರಿಸಿದ ಮರಳು ಲಾರಿಯನ್ನು ನಿಲ್ಲಿಸಿದ ಹಾಗೆ. ಅವರು ಮಾಡಿದ್ದು ಸರಿಯೇ. ಎರಡನೇ ಟ್ರಂಕಿಗೆ ಹೋಗುವಾಗ ಆ ಕಂಪನಿ ಕೊಟ್ಟ ನಂಬರನ್ನೇ ತೋರಿಸು ಅಂತ ಒಂದು ನಿಯಮ ಬರೆದೆವು, ಹತ್ತು ನಿಮಿಷದ ಕೆಲಸ.

ಹಸಿರು ದೀಪ ಹೇಳುವುದು ಗೇಟಿನಲ್ಲಿ ಜನ ಇದ್ದಾರೆ ಅಂತ ಮಾತ್ರ. ನಿಮ್ಮ ಗಾಡಿ ಬಿಡುತ್ತಾರೆಯೇ ಅನ್ನುವುದು ಗಾಡಿ ಹೋದಾಗಲೇ ಗೊತ್ತಾಗುವುದು. ಹಾಗಾಗಿ ಎರಡನೇ ದಾರಿಯ ಪರೀಕ್ಷೆಗೆ ಒಂದೇ ಉಪಾಯ: ಒಂದು ಭಾನುವಾರ ಮುಂಚೆಯೇ ಹೇಳಿಟ್ಟು, ಮೊದಲ ಟ್ರಂಕಿನ ಕೇಬಲ್ ಕಿತ್ತು, ಆ ಹೊತ್ತಿನಲ್ಲಿ ಕರೆ ಮಾಡಿ ನೋಡುವುದು. ಮತ್ತೆ ಸಿಕ್ಕಿಸಿದ ಮೇಲೆ ಕರೆಗಳು ಮೊದಲ ದಾರಿಗೆ ವಾಪಸ್ ಬಂದವೇ ಅಂತಲೂ ನೋಡುವುದು. ಇದನ್ನು ಮರೆಯುವವರೇ ಹೆಚ್ಚು.

ಇನ್ನೊಂದು ಸೂಕ್ಷ್ಮ. 503ಕ್ಕೆ ಎರಡನೇ ದಾರಿ ಹಿಡಿಯಬೇಕು. 486ಕ್ಕೆ ಹಿಡಿಯಬಾರದು. ಅವರು ಬೇರೆ ಮಾತಿನಲ್ಲಿರುವಾಗ ಇನ್ನೊಂದು ದಾರಿಯಲ್ಲಿ ಹೋಗಿ ಮತ್ತೆ ಬಾಗಿಲು ಬಡಿದು ಏನು ಪ್ರಯೋಜನ? ಯಾವ ಉತ್ತರಕ್ಕೆ ದಾರಿ ಬದಲಿಸಬೇಕು ಅನ್ನುವ ಪಟ್ಟಿ ಪೆಟ್ಟಿಗೆಯಲ್ಲಿರುತ್ತದೆ. ಬೇಕೆಂದೇ ಒಂದು ಮೊಬೈಲನ್ನು ಮಾತಿನಲ್ಲಿಟ್ಟು, ಕಾಲ್ ವೇಟಿಂಗ್ ತೆಗೆದು, ಅದಕ್ಕೆ ಕರೆ ಮಾಡಿ ಜಾಡಿನಲ್ಲಿ ಒಂದೇ ಇನ್ವೈಟ್ ಹೊರಗೆ ಹೋಯಿತೇ ಅಂತ ಎಣಿಸಿದರೆ ಗೊತ್ತಾಗುತ್ತದೆ.

ಒಳಬರುವ ಕರೆಯ ಕತೆ ಬೇರೆ. ಬೋರ್ಡಿನ ಮೇಲೆ, ಪಾಸ್‌ಬುಕ್ಕಿನ ಮೇಲೆ ಅಚ್ಚಾಗಿರುವ 08181ರ ನಂಬರಿಗೆ ಜನ ಮಾಡುವ ಕರೆ ಮೊದಲು ಮುಟ್ಟುವುದು ಆ ನಂಬರ್ ಕೊಟ್ಟ ಕಂಪನಿಯನ್ನು. ಅವರ ಫೈಬರ್ ತುಂಡಾದರೆ ನಿಮ್ಮ ಎಸ್‌ಬಿಸಿ ಎಷ್ಟು ಜಾಣನಾದರೂ ಕರೆ ಅದರವರೆಗೆ ಬರುವುದೇ ಇಲ್ಲ. ಅಂಥ ಹೊತ್ತಿನಲ್ಲಿ ಇಂಥ ಮೊಬೈಲಿಗೆ ತಿರುಗಿಸಿ ಅಂತ ಕಂಪನಿಯ ಜೊತೆಗೇ ಮುಂಚೆ ಮಾತಾಡಿಕೊಂಡಿರಬೇಕು.

ಮಾತಿಗೆ ಬೇರೆಯದೇ ದಾರಿ

ರಿಂಗಾಯಿತು, ಎತ್ತಿದರು, ನಾವು “ಹಲೋ ಹಲೋ” ಅನ್ನುತ್ತಿದ್ದೇವೆ, ಅವರ ಮಾತು ಮಾತ್ರ ನಮಗೆ ಕೇಳಿಸುತ್ತಿಲ್ಲ. ಇದು ಎಲ್ಲರಿಗೂ ಆದ ಅನುಭವ. ಕಾರಣ ಇಷ್ಟು: ಕರೆಯುವ ಸಂದೇಶ ಹೋಗುವ ದಾರಿ ಒಂದು, ಧ್ವನಿ ಹೋಗುವ ದಾರಿ ಇನ್ನೊಂದು. ಧ್ವನಿ ಸಾಮಾನ್ಯವಾಗಿ ಸೆಕೆಂಡಿಗೆ 50 ಚಿಕ್ಕ ಪೊಟ್ಟಣಗಳಾಗಿ ಹೋಗುತ್ತದೆ, ಬರುವುದಕ್ಕೆ ಬೇರೆ 50. “ನನ್ನ ಪೊಟ್ಟಣ ಈ ವಿಳಾಸಕ್ಕೆ ಕಳಿಸಿ” ಅಂತ ಎರಡೂ ಕಡೆಯವರು ಮೊದಲೇ ಹೇಳಿಕೊಂಡಿರುತ್ತಾರೆ. ಅಲ್ಲಿ 192.168ರಿಂದ ಶುರುವಾಗುವ ಕಚೇರಿಯೊಳಗಿನ ವಿಳಾಸ ಹೊರಗೆ ಹೋದರೆ ಕೆಲಸ ಕೆಡುತ್ತದೆ. “ನಮ್ಮ ನಡುಮನೆಯ ಎಡಗಡೆ ಕೋಣೆ” ಅಂತ ಬರೆದ ಕಾಗದ ಅಂಚೆಯವರಿಗೆ ಏನು ಅರ್ಥವಾದೀತು?

ಆದ್ದರಿಂದ ಪರೀಕ್ಷೆಯ ಕರೆ ಎತ್ತಿದ ಕೂಡಲೇ ಇಟ್ಟುಬಿಡಬೇಡಿ. ಎರಡೂ ಕಡೆಯವರು ಮಾತಾಡಿ. ಒಂದೆರಡು ಕರೆಯನ್ನಾದರೂ ಅರ್ಧ ಗಂಟೆ ಮೀರಿ ಹಿಡಿದಿಡಿ. ಇಷ್ಟಿಷ್ಟು ನಿಮಿಷಕ್ಕೆ ಸರಿಯಾಗಿ ಕಡಿದುಹೋಗುವ ಕಾಯಿಲೆ ಚಿಕ್ಕ ಕರೆಯಲ್ಲಿ ಕಾಣುವುದೇ ಇಲ್ಲ.

112, 108, 101

ಈ ನಂಬರುಗಳಿಗೆ +91 ಸೇರಿಸುವ ನಿಯಮ ತಗಲಬಾರದು. ಶಾಖೆಯ ಕರೆಗಳೆಲ್ಲ ಬೆಂಗಳೂರಿನ ಪ್ರಧಾನ ಕಚೇರಿಯ ಟ್ರಂಕಿನಿಂದ ಹೊರಡುವ ಏರ್ಪಾಡಿದ್ದರೆ ಇನ್ನೂ ಎಚ್ಚರ ಬೇಕು. ತೀರ್ಥಹಳ್ಳಿಯಲ್ಲಿ 101 ಒತ್ತಿದರೆ ಬೆಂಗಳೂರಿನ ಅಗ್ನಿಶಾಮಕದವರು ಎತ್ತಬಹುದು. ಇಂಥ ನಂಬರಿಗೆ ಊರಿನ ಟ್ರಂಕೇ ಮೊದಲ ದಾರಿಯಾಗಿರಬೇಕು. ಪರೀಕ್ಷೆ ಆದಷ್ಟೂ ಪೆಟ್ಟಿಗೆಯನ್ನು ಕೇಳುವ ಬಗೆಯಲ್ಲೇ ಮುಗಿಯಲಿ. ನಿಜವಾಗಿ ಕರೆ ಮಾಡಲೇಬೇಕಾದರೆ ಊರಿನ ಠಾಣೆಗೆ ಮುಂಚೆ ತಿಳಿಸಿ, ಎತ್ತಿದ ಕೂಡಲೇ “ಇದು ಪರೀಕ್ಷೆ” ಅಂತ ಹೇಳಿ, ಒಂದೇ ಸಲಕ್ಕೆ ಮುಗಿಸಿ.

ಮತ್ತೆ ಯಾವಾಗ ನೋಡಬೇಕು?

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಅದರ ಹಿಂದಿನ ದಿನದವರೆಗೂ ಸಾಗರದಿಂದ ಸಿಗಂದೂರಿಗೆ ದಾರಿ ಕೇಳಿದವರಿಗೆ “ಲಾಂಚ್ ಕಾಯಬೇಕು” ಅನ್ನುವುದೇ ಸರಿಯಾದ ಉತ್ತರವಾಗಿತ್ತು. ದಾರಿಪಟ್ಟಿಯ ಉತ್ತರವೂ ಹೀಗೆ ಹಳತಾಗುತ್ತದೆ. ಪೆಟ್ಟಿಗೆಯ ತಂತ್ರಾಂಶ ಹೊಸದಾದಾಗ, ಕಂಪನಿ ತನ್ನ ಕಡೆಯ ವಿಳಾಸ ಬದಲಿಸಿದಾಗ, ಹೊಸ ಶಾಖೆ ಸೇರಿದಾಗ, 2021ರಲ್ಲಿ ಸೊನ್ನೆ ಬಂದ ಹಾಗೆ ಸರ್ಕಾರ ಡಯಲ್ ಮಾಡುವ ಕ್ರಮ ಬದಲಿಸಿದಾಗ, ಮತ್ತೆ ಮೊದಲಿನಿಂದ.

ಸಂಘದವರು ಕಪಾಟಿನ ಬಾಗಿಲಿನ ಒಳಬದಿಗೆ ಒಂದು ಹಾಳೆ ಅಂಟಿಸಿದ್ದಾರೆ. ನಂಬರ್, ಹೋಗಬೇಕಾದ ಟ್ರಂಕ್, ಹೋದ ಟ್ರಂಕ್, ಎರಡೂ ಕಡೆ ಮಾತು ಕೇಳಿಸಿತೇ, ತಾರೀಕು, ಹೀಗೆ ಐದು ಕಾಲಂ. ಮೇ ತಿಂಗಳ ಕೊನೆಯ ಭಾನುವಾರ, ಮಳೆ ಹಿಡಿಯುವ ಮುಂಚೆ, ಕಾರ್ಯದರ್ಶಿಯೇ ನಿಂತು ಕೇಬಲ್ ಕೀಳಿಸುತ್ತಾರೆ. ಈ ಸಲ ಮೂರನೇ ಕಾಲಂ ತುಂಬುವಾಗ ಟೋಲ್‌ಫ್ರೀ ನಂಬರೊಂದು ಎರಡನೇ ಟ್ರಂಕಿನಲ್ಲಿ 404 ಕೊಟ್ಟಿತು. ಕಂಪನಿಗೆ ದೂರು ಕೊಟ್ಟಿದ್ದಾರೆ. ಆ ಸಾಲಿನ ಕೊನೆಯ ಮನೆ ಇನ್ನೂ ಖಾಲಿ ಇದೆ.